ಕಲೋನ್ ಡೋಮ್ ಗಂಟೆ ನಿಜವಾಗ್ಲೂ ತೋಪಾಯ್ತಾ?

ಪ್ರಶ್ನೆ: ಸಾರ್ ನಮಸ್ತೆ. ನಾನು ಎರಡು ವರ್ಷದಿಂದ ಜರ್ಮನಿಯ ಕಲೋನ್‌ನಲ್ಲಿ ಕೆಲಸಕ್ಕಿದ್ದೀನಿ. ಇಲ್ಲಿ ಡೋಮ್ ಅಂತ ಕರಿಯೋ ದೊಡ್ಡ ಚರ್ಚಿನ ಹೊರಗಡೆ ಒಂದು ಗಂಟೆಯ ನಾಲಿಗೆ ಮಾತ್ರ ಇಟ್ಟಿದಾರೆ, ನನಗಿಂತ ಎತ್ತರ ಇದೆ. ಗಂಟೆ ಎಲ್ಲಿ ಅಂದ್ರೆ ಮೊದಲನೇ ಮಹಾಯುದ್ಧದಲ್ಲಿ ಕರಗಿಸಿ ತೋಪು ಮಾಡಿದ್ರು ಅಂತ ಗೈಡ್ ಒಬ್ರು ಹೇಳಿದ್ರು. ಗಂಟೆ ಕರಗಿಸಿ ತೋಪು ಮಾಡೋಕಾಗುತ್ತಾ? ಹಳೇ ಫೋಟೋಗಳಲ್ಲಿ ಕರಗಿಸೋ ಮುಂಚೆ ಗಂಟೆಗೆ ಹೂವಿನ ಹಾರ ಹಾಕಿ ಊರವರೆಲ್ಲ ಸುತ್ತ ನಿಂತಿದಾರೆ, ಅದು ಸಂಭ್ರಮಾನಾ ದುಃಖಾನಾ? ಇನ್ನೊಂದು, ನಮ್ಮ ಮನೆ ಹತ್ರದ ಚರ್ಚಿನ ಗಂಟೆ ಉಕ್ಕಿನದ್ದು ಅಂತ ಪಕ್ಕದ್ಮನೆ ಅಜ್ಜಿ ಹೇಳಿದ್ರು. ಗಂಟೆಗೆ ಉಕ್ಕು ಯಾಕೆ?

ಉತ್ತರ: ನಮಸ್ತೆ. ನೀವು ಕೇಳಿರೋದು ಮೂರು ಪ್ರಶ್ನೆ ಅನ್ಸಿದ್ರೂ ಅದು ಒಂದೇ ಕಥೆ, ಮತ್ತೆ ಅದು ನನಗೆ ತುಂಬಾ ಹತ್ರದ ಕಥೆ. ನಾನು ಇಪ್ಪತ್ತೆರಡು ವರ್ಷ ಎರಕದ ಕೆಲಸ ಮಾಡಿದವನು, ಅದರಲ್ಲಿ ಆರು ವರ್ಷ ನಿಮ್ಮ ಕಲೋನ್‌ನಿಂದ ರೈಲಲ್ಲಿ ಒಂದು ಗಂಟೆ ದೂರದ ಬೋಹುಮ್‌ನಲ್ಲೇ ಇದ್ದೆ. ಹಾಗಾಗಿ ಲೋಹದ ಕಡೆಯಿಂದ ಶುರು ಮಾಡ್ತೀನಿ, ಮೆರವಣಿಗೆ ಹಾರ ತುರಾಯಿ ಎಲ್ಲ ಆಮೇಲೆ ತಾನಾಗೇ ಬರುತ್ತೆ.

ಮೊದಲು ನೇರವಾಗಿ ಹೇಳ್ಬಿಡ್ತೀನಿ. ಗೈಡ್ ಹೇಳಿದ್ದು ಅರ್ಧ ಸರಿ. ಗಂಟೆ ಕರಗಿಸಿದ್ದು ನಿಜ, ಯುದ್ಧಕ್ಕೆ ಹೋಗಿದ್ದೂ ನಿಜ, ಆದ್ರೆ ತೋಪು ಆಗಿದ್ದು ಅನ್ನೋದು ಮಾತ್ರ ಸರಿಯಿಲ್ಲ, ಯಾಕಂದ್ರೆ 1918ರಲ್ಲಿ ಜರ್ಮನ್ನರು ಕಂಚಿನ ತೋಪು ಎರಕ ಹೊಯ್ತಾನೇ ಇರ್ಲಿಲ್ಲ. ಅದಕ್ಕಿಂತ ಕುತೂಹಲದ ವಿಷಯ ಅಂದ್ರೆ ಈ ಕಥೆಯಲ್ಲಿ ತೋಪು ಇದೆ, ಆದ್ರೆ ಅದು ಕೊನೆಯಲ್ಲಿ ಬರೋದಲ್ಲ, ಶುರುವಿನಲ್ಲೇ ಬರೋದು.

ನೀವು ನೋಡಿದ ನಾಲಿಗೆ ಕೈಸರ್‌ಗ್ಲೋಕೆ ಅನ್ನೋ ಗಂಟೆಯದ್ದು, ಅಂದ್ರೆ ಚಕ್ರವರ್ತಿ ಗಂಟೆ. 1870-71ರಲ್ಲಿ ಪ್ರಷ್ಯಾದವರು, ಅಂದ್ರೆ ಆಗಿನ ಜರ್ಮನ್ ರಾಜ್ಯಗಳಲ್ಲಿ ದೊಡ್ಡದಾಗಿದ್ದ ರಾಜ್ಯದವರು, ಫ್ರಾನ್ಸನ್ನ ಸೋಲಿಸಿದಾಗ ರಾಶಿ ರಾಶಿ ಫ್ರೆಂಚ್ ಕಂಚಿನ ತೋಪುಗಳು ಕೈಗೆ ಸಿಕ್ಕವು. ಒಂದನೇ ವಿಲ್ಹೆಲ್ಮ್ ಚಕ್ರವರ್ತಿ ಅದರಲ್ಲಿ 22 ತೋಪುಗಳನ್ನ ಡೋಮ್‌ಗೆ ಗಂಟೆ ಮಾಡಿಸೋಕೆ ಅಂತ ಕೊಟ್ಟ. ಫ್ರಾಂಕೆನ್‌ಥಾಲ್ ಅನ್ನೋ ಊರಿನ ಆಂಡ್ರಿಯಾಸ್ ಹಾಮ್ ಅನ್ನೋ ಗಂಟೆ ಎರಕದವರಿಗೆ ಕೆಲಸ ಹೋಯ್ತು. ಮೊದಲ ಎರಡು ಸಲ ಹೊಯ್ದಿದ್ದು ಸರಿ ಬರ್ಲಿಲ್ಲ, ಮೂರನೇ ಸಲ 1874ರಲ್ಲಿ ಅಂತೂ ಒಪ್ಕೊಂಡ್ರು. ಸುಮಾರು 27 ಟನ್ ತೂಕ. ಅಷ್ಟು ದೊಡ್ಡ ಎರಕ ಮೂರು ಸಲ ಹೊಯ್ಯೋದು ಅಂದ್ರೆ ಏನು ಅಂತ ಕುಲುಮೆ ಮುಂದೆ ನಿಂತವರಿಗೇ ಗೊತ್ತು, ಅಚ್ಚು ಒಣಗಬೇಕು, ಲೋಹ ಒಂದೇ ಉಸಿರಲ್ಲಿ ಇಳೀಬೇಕು, ಮಧ್ಯ ಎಲ್ಲಾದ್ರೂ ನಿಂತ್ರೆ ಅಷ್ಟೂ ಹಾಳು, ಒಡೆದು ಮತ್ತೆ ಕರಗಿಸಿ ಮೊದಲಿಂದ ಮಾಡಬೇಕು.

ಇಲ್ಲೊಂದು ಲೋಹದ ವಿಷಯ ಹೇಳ್ಲೇಬೇಕು. ತೋಪಿನ ಕಂಚು ಬೇರೆ, ಗಂಟೆಯ ಕಂಚು ಬೇರೆ. ಎರಡರಲ್ಲೂ ಇರೋದು ತಾಮ್ರ ಮತ್ತು ತವರಾನೇ, ಆದ್ರೆ ತೋಪಿಗೆ ನೂರಕ್ಕೆ ಸುಮಾರು 10 ಪಾಲು ತವರ ಹಾಕ್ತಾರೆ, ಗಂಟೆಗೆ 20ರಿಂದ 22 ಪಾಲು. ತವರ ಕಮ್ಮಿ ಇದ್ರೆ ಲೋಹ ಜಿಗುಟಾಗಿರುತ್ತೆ, ಒಳಗೆ ಮದ್ದು ಸಿಡಿದ್ರೂ ತಡ್ಕೊಳ್ಳುತ್ತೆ. ತವರ ಜಾಸ್ತಿ ಆದ್ರೆ ಗಟ್ಟಿಯಾಗುತ್ತೆ, ಹೊಡೆದ್ರೆ ತುಂಬಾ ಹೊತ್ತು ನಾದ ಬರುತ್ತೆ, ಆದ್ರೆ ಗಾಜಿನ ಹಾಗೆ ಒಡೆಯೋ ಗುಣಾನೂ ಜೊತೆಗೇ ಬರುತ್ತೆ. ಅಂದ್ರೆ ತೋಪು ಕರಗಿಸಿ ಗಂಟೆ ಮಾಡಬೇಕು ಅಂದ್ರೆ ತವರ ಸೇರಿಸಿದ್ರೆ ಆಯ್ತು. ಗಂಟೆ ಕರಗಿಸಿ ತೋಪು ಮಾಡೋದಾದ್ರೆ ಉಲ್ಟಾ, ಒಂದೋ ಅಷ್ಟೇ ತಾಮ್ರ ಹೊಸದಾಗಿ ತರಬೇಕು, ಇಲ್ಲಾ ಅಂದ್ರೆ ತವರ ಬೇರೆ ತೆಗೀಬೇಕು. ಹಿಂದಿನ ಶತಮಾನಗಳಲ್ಲಿ ಯೂರೋಪಿನಲ್ಲಿ ಗಂಟೆಯಿಂದ ತೋಪು ಮಾಡಿದ್ದು ಇದೆ, ಇಲ್ಲ ಅಂತಲ್ಲ, ಗೈಡ್‌ಗಳ ಬಾಯಲ್ಲಿರೋದು ಆ ಹಳೇ ನೆನಪು.

ಆದ್ರೆ ಫ್ರೆಂಚರ ಆ 22 ತೋಪು ಗಂಟೆಗೆ ಯಾಕೆ ಹೋದ್ವು, ಮತ್ತೆ ತೋಪಾಗೇ ಯಾಕೆ ಬಳಸ್ಲಿಲ್ಲ ಅಂತ ಯೋಚನೆ ಮಾಡಿ. ಯಾಕಂದ್ರೆ ಆ ಹೊತ್ತಿಗೆ ಅವು ಹಳೇ ಕಾಲದ ಸರಕು ಆಗ್ಬಿಟ್ಟಿದ್ವು. ಎಸ್ಸೆನ್ ಊರಿನ ಉಕ್ಕಿನ ಕಾರ್ಖಾನೆ ಮಾಲೀಕ ಆಲ್ಫ್ರೆಡ್ ಕ್ರುಪ್ 1851ರಲ್ಲೇ ಲಂಡನ್ನಿನ ವಸ್ತುಪ್ರದರ್ಶನಕ್ಕೆ ಎರಕದ ಉಕ್ಕಿನ ಒಂದು ತೋಪು, ಜೊತೆಗೆ ಎರಡು ಟನ್ನಿನ ಒಂದೇ ಉಕ್ಕಿನ ಗಟ್ಟಿ ತಗೊಂಡು ಹೋಗಿ ಎಲ್ಲರೂ ಬಾಯಿ ಬಿಡೋ ಹಾಗೆ ಮಾಡಿದ್ದ. 1870ರ ಯುದ್ಧದಲ್ಲಿ ಪ್ರಷ್ಯಾದವರ ಹತ್ರ ಕ್ರುಪ್ಪಿನ ಉಕ್ಕಿನ ತೋಪು ಇತ್ತು, ಗುಂಡು ಹಿಂದಿನಿಂದ ತುಂಬೋದು. ಫ್ರೆಂಚರದ್ದು ಕಂಚಿನದ್ದು, ಬಾಯಿ ಕಡೆಯಿಂದ ತುಂಬೋದು. ಆ ಯುದ್ಧದ ಸೆಡಾನ್ ಕಾಳಗದಲ್ಲಿ ಫ್ರಾನ್ಸಿನ ಚಕ್ರವರ್ತಿನೇ ಸೆರೆ ಸಿಕ್ಕ. ಹಾಗಾಗಿ ಸೋತ ತೋಪು ಗಂಟೆಯಾಗಿ ಗೋಪುರ ಹತ್ತಿತು, ಗೆದ್ದ ಉಕ್ಕು ಎಸ್ಸೆನ್‌ನಲ್ಲಿ ಬೆಳೀತಾ ಹೋಯ್ತು.

ಆ ಗಂಟೆ ಮೇಲೆ ಒಂದು ಪದ್ಯ ಕೆತ್ತಿದ್ರು. ನನ್ನ ಹೆಸರು ಚಕ್ರವರ್ತಿ ಗಂಟೆ, ಚಕ್ರವರ್ತಿಯ ಕೀರ್ತಿ ಹೇಳ್ತೀನಿ, ಪವಿತ್ರ ಕಾವಲಲ್ಲಿ ನಿಂತಿದೀನಿ, ಜರ್ಮನ್ ಸಾಮ್ರಾಜ್ಯಕ್ಕೆ ದೇವರು ಶಾಂತಿನೂ ಕೊಡಲಿ ಕಾಯೋ ಬಲಾನೂ ಕೊಡಲಿ, ಅನ್ನೋ ಅರ್ಥ. ಶಾಂತಿ ಮತ್ತು ಸೇನಾಬಲ ಎರಡನ್ನೂ ಒಂದೇ ಸಾಲಿನಲ್ಲಿ ದೇವರ ಹತ್ರ ಕೇಳೋದು, ಅದೂ ಚರ್ಚಿನ ಗಂಟೆ ಮೇಲೆ. ನಿಮ್ಮ ಎರಡನೇ ಪ್ರಶ್ನೆಗೆ, ಆ ಹಾರದ ಫೋಟೋಗಳಿಗೆ, ಉತ್ತರ ಸಿಗೋಕೆ ಶುರುವಾಗೋದು ಇಲ್ಲಿಂದ. ಆ ಕಾಲದ ಜರ್ಮನ್ನರಿಗೆ ಆಯುಧ ಅನ್ನೋದು ಕಾರ್ಖಾನೆಯ ಮಾಲು ಮಾತ್ರ ಆಗಿರ್ಲಿಲ್ಲ. ಸೇನೆ, ಚರ್ಚು, ಅರಮನೆ, ಕಾರ್ಖಾನೆ ಎಲ್ಲಾ ಒಂದೇ ಶಾಸ್ತ್ರದೊಳಗೆ ಬಂದ್ಬಿಟ್ಟಿದ್ವು.

ಒಂದೆರಡು ಉದಾಹರಣೆ ಕೊಡ್ತೀನಿ. ಹೊಸದಾಗಿ ಸೇನೆಗೆ ಸೇರಿದ ಹುಡುಗ ಪ್ರಮಾಣ ತಗೋಬೇಕಲ್ಲ, ಕಾಲಾಳು ಪಡೆಯವನು ರೆಜಿಮೆಂಟಿನ ಬಾವುಟದ ಮೇಲೆ ಕೈ ಇಟ್ಟು ತಗೋತಿದ್ದ, ಫಿರಂಗಿ ಪಡೆಯವನು ತೋಪಿನ ಮೇಲೆ ಕೈ ಇಟ್ಟು ತಗೋತಿದ್ದ. ತೋಪೇ ಅವನಿಗೆ ಬಾವುಟ. ರೆಜಿಮೆಂಟಿಗೆ ಹೊಸ ಬಾವುಟ ಬಂತು ಅಂದ್ರೆ ಬಟ್ಟೆನ ಕೋಲಿಗೆ ಮೊಳೆ ಹೊಡೆದು ಕೂರಿಸೋದೇ ಒಂದು ದೊಡ್ಡ ಸಮಾರಂಭ, ಮೊದಲನೇ ಮೊಳೆ ಚಕ್ರವರ್ತಿ ಹೊಡೀಬೇಕು, ಆಮೇಲೆ ಮಹಾರಾಣಿ, ರಾಜಕುಮಾರರು, ಸೇನಾಪತಿಗಳು ಹೀಗೆ ಸಾಲಾಗಿ, ಆಮೇಲೆ ಪಾದ್ರಿ ಆಶೀರ್ವಾದ. 1900ರ ಜನವರಿ 1ಕ್ಕೆ, ಹೊಸ ಶತಮಾನ ಅಂತ ಬರ್ಲಿನ್ನಿನಲ್ಲಿ ಆಗಿನ ಚಕ್ರವರ್ತಿ ಎರಡನೇ ವಿಲ್ಹೆಲ್ಮ್, ಅಂದ್ರೆ ಒಂದನೇ ವಿಲ್ಹೆಲ್ಮ್‌ನ ಮೊಮ್ಮಗ, ಇಂಥದ್ದೇ ಒಂದು ಸಮಾರಂಭ ನಡೆಸಿದ, ಜಾಗ ಯಾವುದು ಅಂದ್ರೆ ತ್ಸೋಯ್ಗ್‌ಹೌಸ್, ಅಂದ್ರೆ ಹಳೇ ಆಯುಧಾಗಾರ. ಈ ಮೊಳೆ ವಿಷಯ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಕಾರ್ಖಾನೆ ಕಡೆಯಿಂದ ನೋಡಿದ್ರೂ ಅದೇ. 1906ರಲ್ಲಿ ಕ್ರುಪ್ ಮನೆತನದ ವಾರಸುದಾರಿಣಿ ಬರ್ಥಾ ಕ್ರುಪ್ ಮದುವೆ ಎಸ್ಸೆನ್ನಿನ ಹ್ಯೂಗೆಲ್ ಬಂಗಲೆಯಲ್ಲಿ ಆಯ್ತು, ಚಕ್ರವರ್ತಿ ಸ್ವತಃ ಬಂದಿದ್ದ, ಮದುಮಗ ಗುಸ್ತಾವ್ ಫಾನ್ ಬೋಲನ್ ಇನ್ಮೇಲೆ ಹೆಂಡತಿ ಮನೆತನದ ಕ್ರುಪ್ ಹೆಸರು ಸೇರಿಸ್ಕೋಬೇಕು ಅಂತ ರಾಜಾಜ್ಞೆನೂ ಕೊಟ್ಟ. ಗಂಡ ಹೆಂಡತಿ ಮನೆ ಹೆಸರು ತಗೊಳ್ಳೋದು ಅಲ್ಲಿ ಆಗ ಸಣ್ಣ ಮಾತಲ್ಲ, ಆದ್ರೆ ತೋಪಿನ ಮೇಲೆ ಕ್ರುಪ್ ಹೆಸರು ಮುಂದುವರೀಬೇಕಲ್ಲ. 1912ರ ಆಗಸ್ಟಿನಲ್ಲಿ ಕ್ರುಪ್ಪಿಗೆ ನೂರು ವರ್ಷ ತುಂಬಿದ ಹಬ್ಬ, ಚಕ್ರವರ್ತಿ ಮತ್ತೆ ಬಂದ, ಹಳೇ ಕಾಲದ ವೀರರ ಹಾಗೆ ಕವಚ ತೊಟ್ಟು ಕುದುರೆ ಮೇಲೆ ಕಾಳಗದ ಆಟ ಆಡೋದು ಅಂತ ದೊಡ್ಡ ತಯಾರಿ ನಡೆದಿತ್ತು. ಆ ಆಟ ನಡೀಲಿಲ್ಲ. ಆಗಸ್ಟ್ 8ಕ್ಕೆ ಬೋಹುಮ್ ಪಕ್ಕದ ಲೋಥ್ರಿಂಗೆನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಆಗಿ ನೂರಕ್ಕೂ ಹೆಚ್ಚು ಜನ ಸತ್ರು. ಉಕ್ಕು ಕರಗೋಕೆ ಬೇಕಾದ ಕಲ್ಲಿದ್ದಲು ತೆಗೆಯೋ ಜನ ಅವರು. ಈ ಸಮಾರಂಭಗಳ ಬಗ್ಗೆ ಓದುವಾಗೆಲ್ಲ ನನಗೆ ಮೊದಲು ನೆನಪಾಗೋದು ನಡೆಯದೇ ಹೋದ ಆ ಆಟ ಮತ್ತು ಆ ಗಣಿ.

ಸರಿ, ಈಗ ಯುದ್ಧಕ್ಕೆ ಬರೋಣ. 1914ರ ಆಗಸ್ಟಿನಲ್ಲಿ ಹೊರಟ ಸೈನಿಕರ ಫೋಟೋ ನೀವೂ ನೋಡಿರ್ತೀರಿ, ಬಂದೂಕಿನ ಬಾಯಿಗೆ ಹೂವು ಸಿಗ್ಸಿರ್ತಾರೆ, ತಲೆ ಮೇಲೆ ಮೊನೆ ಇರೋ ಟೋಪಿ, ಎರಡೇ ತಿಂಗಳಲ್ಲಿ ಗೆದ್ದು ಬರ್ತೀವಿ ಅನ್ನೋ ನಗು. ಆ ನಂಬಿಕೆ ಇದ್ದಿದ್ದರಿಂದಾನೇ ಕಚ್ಚಾ ಮಾಲಿನ ದಾಸ್ತಾನಿನ ಬಗ್ಗೆ ಸೇನೆಯವರು ಹೆಚ್ಚು ತಲೆ ಕೆಡಿಸ್ಕೊಂಡಿರ್ಲಿಲ್ಲ. ಬ್ರಿಟನ್ನಿನ ನೌಕಾಪಡೆ ಸಮುದ್ರ ದಾರಿ ಮುಚ್ಚಿದ ತಕ್ಷಣ ಅಮೆರಿಕದಿಂದ ಬರ್ತಿದ್ದ ತಾಮ್ರ, ಚಿಲಿಯಿಂದ ಬರ್ತಿದ್ದ ಮದ್ದಿನ ಉಪ್ಪು, ದಕ್ಷಿಣ ಅಮೆರಿಕದ ಚರ್ಮ ಎಲ್ಲದಕ್ಕೂ ಕುತ್ತು ಬಂತು. ವಾಲ್ಟರ್ ರಾಥೆನೌ ಅನ್ನೋ ಉದ್ಯಮಿ ಸರ್ಕಾರಕ್ಕೆ ಹೋಗಿ ಹೇಳಿದ ಮೇಲೆ ಆಗಸ್ಟ್ ತಿಂಗಳಲ್ಲೇ ಯುದ್ಧ ಖಾತೆಯೊಳಗೆ ಕಚ್ಚಾ ಮಾಲಿಗೆ ಅಂತಾನೇ ಒಂದು ವಿಭಾಗ ಶುರುವಾಯ್ತು, ಅವನೇ ಅದಕ್ಕೆ ಮುಖ್ಯಸ್ಥ. ಮದ್ದಿನ ಉಪ್ಪಿಗೆ ಗಾಳಿಯಲ್ಲಿರೋ ಸಾರಜನಕದಿಂದ ಅಮೋನಿಯಾ ಮಾಡೋ ಹಾಬರ್-ಬಾಷ್ ವಿಧಾನ ಕೈ ಹಿಡೀತು. ಆದ್ರೆ ತಾಮ್ರಕ್ಕೆ ಹಾಗೆ ಗಾಳಿಯಿಂದ ಮಾಡೋ ದಾರಿ ಇಲ್ಲವಲ್ಲ. ಇರೋದನ್ನ ಹುಡುಕಿ ತರಬೇಕು.

ತೋಪು ಉಕ್ಕಿನದ್ದು ಅಂದ್ಮೇಲೆ ತಾಮ್ರ ಯಾಕೆ ಬೇಕು ಅಂತ ಕೇಳ್ತೀರಾ? ಇದೇ ನಿಮ್ಮ ಮೊದಲ ಪ್ರಶ್ನೆಯ ತಿರುಳು, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ತೋಪಿನ ನಳಿಗೆ ಒಳಗೆ ಸುರುಳಿಯಾಗಿ ಗೀರು ಕೊರೆದಿರ್ತಾರೆ, ಗುಂಡು ಆ ಗೀರಿಗೆ ಸಿಕ್ಕು ಬುಗುರಿ ಥರ ತಿರುಗ್ತಾ ಹೊರಗೆ ಬಂದ್ರೇನೇ ದೂರಕ್ಕೆ ನೇರವಾಗಿ ಹೋಗೋದು. ಆದ್ರೆ ಗುಂಡೂ ಉಕ್ಕು, ನಳಿಗೆನೂ ಉಕ್ಕು, ಉಕ್ಕು ಉಕ್ಕನ್ನ ಉಜ್ಜಿದ್ರೆ ನಳಿಗೆ ಬೇಗ ಹಾಳಾಗುತ್ತೆ. ಅದಕ್ಕೆ ಗುಂಡಿನ ಬುಡದ ಹತ್ರ ಸುತ್ತಲೂ ಒಂದು ಗೀರು ಕೊರೆದು ಅದರಲ್ಲಿ ಮೆತ್ತಗಿರೋ ತಾಮ್ರದ ಬಳೆ ಒತ್ತಿ ಕೂರಿಸ್ತಾರೆ. ಈ ಬಳೆ ನಳಿಗೆಯ ಒಳಗಿನ ಅಳತೆಗಿಂತ ಒಂದು ಕೂದಲೆಳೆ ದಪ್ಪ. ಮದ್ದು ಹತ್ಕೊಂಡಾಗ ಗುಂಡು ಮುಂದಕ್ಕೆ ನುಗ್ಗುತ್ತೆ, ತಾಮ್ರ ಮೆತ್ತಗಿರೋದರಿಂದ ನಳಿಗೆಯ ಏಣುಗಳು ಅದರೊಳಗೆ ಕಚ್ಕೊಳ್ತವೆ, ಹೊಗೆ ಪಕ್ಕದಿಂದ ಸೋರಲ್ಲ, ಗುಂಡು ತಿರುಗುತ್ತೆ. ಮ್ಯೂಸಿಯಂನಲ್ಲಿ ಹಾರಿಸಿದ ಗುಂಡಿನ ಚೂರು ಸಿಕ್ರೆ ಆ ಬಳೆ ನೋಡಿ, ಹಲ್ಲು ಕಚ್ಚಿದ ಹಾಗೆ ಓರೆ ಓರೆ ಗೆರೆ ಇರುತ್ತೆ, ಅದು ನಳಿಗೆ ಬಿಟ್ಟ ಗುರುತು. ಒಂದೊಂದು ಗುಂಡಿಗೂ ಒಂದು ಬಳೆ, ಮೇಲೆ ತೋಟಾದ ಹಿತ್ತಾಳೆ ಕವಚ, ಅದೂ ತಾಮ್ರ ಮತ್ತು ಸತು, ಸಿಡಿಯೋ ಮೂತಿಯಲ್ಲೂ ಹಿತ್ತಾಳೆ. 1916ರ ಫೆಬ್ರವರಿ 21ಕ್ಕೆ ಫ್ರಾನ್ಸಿನ ವರ್ಡುನ್‌ನಲ್ಲಿ ಜರ್ಮನ್ನರು ಸುಮಾರು 1,200 ತೋಪು ಸಾಲಾಗಿಟ್ಟು ಹೊಡೆಯೋಕೆ ಶುರು ಮಾಡಿದ್ರು, ಆಗ ತಾಮ್ರ ಎಷ್ಟು ಖರ್ಚಾಗಿರಬೇಕು ಅಂತ ನೀವೇ ಅಂದಾಜು ಮಾಡ್ಕೊಳ್ಳಿ. ತೋಪನ್ನ ಒಂದು ಸಲ ಮಾಡಿದ್ರೆ ವರ್ಷಗಟ್ಟಲೆ ಇರುತ್ತೆ, ಗುಂಡು ಹಾಗಲ್ಲ, ಹಾರಿದ್ರೆ ಅದರ ತಾಮ್ರ ಶತ್ರುವಿನ ಮಣ್ಣಲ್ಲಿ ಹೂತು ಹೋಯ್ತು, ವಾಪಸ್ ಬರಲ್ಲ. ಖಾಲಿ ಹಿತ್ತಾಳೆ ಕವಚಗಳನ್ನ ಮಾತ್ರ ಆರಿಸಿ ಹಿಂದಕ್ಕೆ ಕಳಿಸ್ತಿದ್ರು.

ಹಾಗಾಗಿ ಗಂಟೆ ಕರಗಿ ಹೋಗಿದ್ದು ಬಳೆಗೆ, ಮೂತಿಗೆ, ವಿದ್ಯುತ್ ತಂತಿಗೆ, ಬೇರಿಂಗಿಗೆ, ಬೆಸುಗೆಗೆ. ತವರಾನೂ ಬಂಗಾರದಷ್ಟೇ ದುರ್ಲಭ ಆಗಿತ್ತು, ಗಂಟೆಯಲ್ಲಿ ಐದನೇ ಒಂದು ಪಾಲು ತವರ ಅಂದ್ಮೇಲೆ ಯಾರು ಬಿಡ್ತಾರೆ.

ಆದ್ರೆ ಗಂಟೆಗೆ ಕೈ ಹಾಕಿದ್ದು ಮೊದಲಿಗಲ್ಲ. 1915ರಲ್ಲಿ ಮನೆ ಮನೆಯ ತಾಮ್ರ ಹಿತ್ತಾಳೆ ನಿಕಲ್ ಪಾತ್ರೆಗಳು ಹೋದವು, ಬಟ್ಟೆ ಬೇಯಿಸೋ ತಾಮ್ರದ ಹಂಡೆ, ಜಾಮ್ ಮಾಡೋ ಬಾಣಲೆ, ಆಮೇಲೆ ಬಾಗಿಲ ಹಿಡಿ, ಕಿಟಕಿ ಚಿಲಕ. 1917ರ ಶುರುವಿಗೆ ಚರ್ಚಿನ ಆರ್ಗನ್ ವಾದ್ಯದ ಮುಂದಿನ ಸಾಲಿನ ತವರದ ಕೊಳವೆಗಳು. 1917ರ ಮಾರ್ಚ್ 1ಕ್ಕೆ ಕಂಚಿನ ಗಂಟೆಗಳನ್ನೆಲ್ಲ ವಶಕ್ಕೆ ತಗೊಳ್ಳೋ ಆದೇಶ. ಗಂಟೆಗಳನ್ನ ದರ್ಜೆ ಮಾಡಿದ್ರು, ಕಲೆ ಚರಿತ್ರೆ ದೃಷ್ಟಿಯಿಂದ ಬೆಲೆ ಇಲ್ಲ ಅನ್ನಿಸಿದ ಇತ್ತೀಚಿನವು ಮೊದಲು, ಹಳೇ ಕಾಲದ ಅಮೂಲ್ಯ ಗಂಟೆಗಳು ಉಳಿಯೋ ಪಟ್ಟಿಗೆ, ನಡುವಿನವು ಕಾದು ನೋಡೋ ಪಟ್ಟಿಗೆ. ಕೆಜಿಗೆ ಇಷ್ಟು ಅಂತ ದುಡ್ಡೂ ಕೊಡ್ತಿದ್ರು, ಆದ್ರೆ ಆ ದುಡ್ಡು 1923ರ ಬೆಲೆ ಏರಿಕೆಯಲ್ಲಿ ಕಾಗದದ ಚೂರಾಗಿ ಹೋಯ್ತು. ಒಟ್ಟು ಸುಮಾರು 65 ಸಾವಿರ ಗಂಟೆ ಹೋದವು ಅಂತ ಲೆಕ್ಕ.

ಈಗ ಆ ಹಾರದ ಫೋಟೋ. ನೀವು ಸಂಭ್ರಮಾನಾ ದುಃಖಾನಾ ಅಂತ ಕೇಳಿದ್ದು ಬಹಳ ಒಳ್ಳೇ ಪ್ರಶ್ನೆ, ಯಾಕಂದ್ರೆ ಅಲ್ಲಿ ನಡೀತಿದ್ದದ್ದು ಎರಡನ್ನೂ ಒಟ್ಟಿಗೆ ಹಿಡಿದಿಡೋ ಪ್ರಯತ್ನ. ಗಂಟೆ ಇಳಿಸೋ ಹಿಂದಿನ ದಿನ ಕೊನೇ ಸಲ ಬಾರಿಸ್ತಿದ್ರು, ಪಾದ್ರಿ ಉಪದೇಶ ಕೊಡ್ತಿದ್ರು, ಇಳಿಸಿದ ಮೇಲೆ ಫರ್ ಮರದ ಕೊಂಬೆ, ಹೂವಿನ ಹಾರ ಹಾಕಿ, ಕೆಲವು ಕಡೆ ಗಂಟೆ ಮೇಲೇ ವಿದಾಯದ ಸಾಲು ಬರೆದು, ಶಾಲೆ ಮಕ್ಕಳನ್ನ ಸುತ್ತ ನಿಲ್ಲಿಸಿ ಫೋಟೋ ತೆಗೀತಿದ್ರು, ಆಮೇಲೆ ಗಾಡಿ ಮೇಲೆ ಸ್ಟೇಷನ್ನಿಗೆ. ಗಮನಿಸಿ, 1914ರಲ್ಲಿ ಸೈನಿಕನನ್ನ ಕಳಿಸಿದ ಕ್ರಮಾನೇ ಇದು, ಹೂವು, ಹಾಡು, ಆಶೀರ್ವಾದ, ಸ್ಟೇಷನ್. ಜನರಿಗೆ ಗೊತ್ತಿದ್ದದ್ದು ಅದೊಂದೇ ವಿದಾಯದ ಕ್ರಮ, ಅದರಲ್ಲೇ ಗಂಟೆನೂ ಕಳಿಸಿದ್ರು. ಮಗನ ನಾಮಕರಣಕ್ಕೆ ಬಾರಿಸಿದ ಗಂಟೆ, ಯುದ್ಧದ ಆ ಮೂರು ವರ್ಷದಲ್ಲಿ ಅದೇ ಮಗನ ಸಾವಿನ ಸುದ್ದಿಗೂ ಬಾರಿಸಿದ ಗಂಟೆ. ಅಂಥ ಫೋಟೋಗಳಲ್ಲಿ ಗಂಡಸರು ಯಾರಿದಾರೆ ಅಂತ ಸ್ವಲ್ಪ ನೋಡಿ, ಬಹುಪಾಲು ವಯಸ್ಸಾದವರು, ಹೆಂಗಸರು, ಮಕ್ಕಳು. ಇಪ್ಪತ್ತರಿಂದ ನಲವತ್ತರ ಗಂಡಸರು ಕಾಣೋದೇ ಕಮ್ಮಿ.

ದೊಡ್ಡ ಗಂಟೆಗಳಿಗೆ ಈ ಭಾಗ್ಯಾನೂ ಇರ್ಲಿಲ್ಲ. ಗೋಪುರದ ಕಿಟಕಿಯಿಂದ ಹೊರಗೆ ಬರದಷ್ಟು ದೊಡ್ಡದಾಗಿದ್ರೆ ಮೇಲೇ ಒಡೆದು ಚೂರು ಮಾಡಿ ಕೆಳಗೆ ಇಳಿಸ್ತಿದ್ರು. ಗಂಟೆ ಕಂಚು ಒಡೆಯೋದನ್ನ ನಾನು ಕಣ್ಣಾರೆ ನೋಡಿದೀನಿ, ಬಿರುಕು ಬಿಟ್ಟ ಒಂದು ಸಣ್ಣ ಗಂಟೆ ನಮ್ಮ ಫ್ಯಾಕ್ಟರಿಗೆ ಕರಗಿಸೋಕೆ ಬಂದಿತ್ತು. ತಾಮ್ರದ ಪಾತ್ರೆಗೆ ಚಮ್ಮಟಿಗೆಯಲ್ಲಿ ಹೊಡೆದ್ರೆ ನೆಗ್ಗುತ್ತೆ, ಇದು ನೆಗ್ಗಲ್ಲ. ಮೊದಲ ಏಟಿಗೆ ಕೂಗುತ್ತೆ, ಎರಡನೇದಕ್ಕೂ ಕೂಗುತ್ತೆ, ಮೂರನೇದೋ ನಾಲ್ಕನೇದೋ ಏಟಿಗೆ ಆ ನಾದ ಇದ್ದಕ್ಕಿದ್ದ ಹಾಗೆ ಸತ್ತು ತಗಡಿನ ಸದ್ದಾಗುತ್ತೆ, ಆಗ ಗೊತ್ತಾಗುತ್ತೆ ಒಳಗೆ ಸೀಳು ಓಡ್ತು ಅಂತ. ಆಮೇಲೆ ಕೈಯಗಲದ ತುಂಡುಗಳಾಗಿ ಉದುರುತ್ತೆ. ಒಡೆದ ಮುಖ ಹೊರಗಿನ ಹಾಗೆ ಕಂದು ಬಣ್ಣ ಇರಲ್ಲ, ಬೂದು ಬೆಳ್ಳಿ ಥರ ಹೊಳೀತಿರುತ್ತೆ, ಅದು ಜಾಸ್ತಿ ತವರದ ಗುರುತು. ಅವತ್ತು ನಮ್ಮ ಹಳೇ ಮೇಸ್ತ್ರಿ ಕೆಲಸ ಮುಗಿಯೋವರೆಗೆ ಒಂದು ಮಾತೂ ಆಡ್ಲಿಲ್ಲ. ಕಲೋನಿನ ಚಕ್ರವರ್ತಿ ಗಂಟೆನೂ 1918ರಲ್ಲಿ ಹೀಗೇ ಗೋಪುರದಲ್ಲೇ ಒಡೆಸ್ಕೊಂಡಿದ್ದು, 27 ಟನ್. ನಾಲಿಗೆ ಮಾತ್ರ ಯಾಕೆ ಉಳೀತು ಅನ್ನೋದಕ್ಕೆ ನನ್ನ ಊಹೆ ಇಷ್ಟೇ, ಅದು ಕಬ್ಬಿಣ. ಅವರಿಗೆ ಬೇಕಾಗಿದ್ದದ್ದು ತಾಮ್ರ ಮತ್ತು ತವರ.

ಕಬ್ಬಿಣದ ವಿಷಯ ಬಂತಲ್ಲ, ಅದಕ್ಕೆ ಅಲ್ಲಿ ಬೇರೆಯದೇ ಒಂದು ಗೌರವ ಇತ್ತು, ಅದು ಹೇಳದೆ ಈ ಉತ್ತರ ಪೂರ್ತಿ ಆಗಲ್ಲ. 1813ರಲ್ಲಿ ನೆಪೋಲಿಯನ್ ವಿರುದ್ಧ ಎದ್ದಾಗ ಪ್ರಷ್ಯಾದ ಖಜಾನೆ ಬರಿದಾಗಿತ್ತು, ಹೆಂಗಸರು ಚಿನ್ನದ ಉಂಗುರ ಕೊಟ್ಟು ಬದಲಿಗೆ ಕಬ್ಬಿಣದ ಉಂಗುರ ಹಾಕ್ಕೊಂಡ್ರು, ಚಿನ್ನ ಹಾಕ್ಕೊಂಡು ಓಡಾಡೋದೇ ನಾಚಿಕೆ ಅನ್ನೋ ಹಾಗಾಯ್ತು. ಅದೇ ವರ್ಷ ಮಾರ್ಚ್ 10ಕ್ಕೆ ರಾಜ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ ಐರನ್ ಕ್ರಾಸ್ ಪದಕ ಶುರು ಮಾಡಿದ, ನಡುವೆ ಕಪ್ಪು ಕಬ್ಬಿಣ, ಅಂಚಿಗೆ ತೆಳ್ಳಗೆ ಬೆಳ್ಳಿ. ಸೇನಾಪತಿಗೂ ಅದೇ, ಸಿಪಾಯಿಗೂ ಅದೇ, ಅದು ಆ ಕಾಲಕ್ಕೆ ದೊಡ್ಡ ಮಾತು. ನೂರು ವರ್ಷ ಆದ್ಮೇಲೆ ಇದನ್ನೇ ಮತ್ತೆ ಎಬ್ಬಿಸಿದ್ರು. ಚಿನ್ನ ಕೊಟ್ಟವರಿಗೆ 1916ರಲ್ಲಿ ಒಂದು ಕಬ್ಬಿಣದ ಪದಕ ಕೊಡ್ತಿದ್ರು, ಒಬ್ಬ ಹೆಂಗಸು ಮಂಡಿಯೂರಿ ಒಡವೆ ಅರ್ಪಿಸ್ತಿರೋ ಚಿತ್ರ, ರಕ್ಷಣೆಗೆ ಚಿನ್ನ ಕೊಟ್ಟೆ ಗೌರವಕ್ಕೆ ಕಬ್ಬಿಣ ತಗೊಂಡೆ ಅನ್ನೋ ಬರಹ. ನಿಮ್ಮಲ್ಲಿ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಈಗಲೂ ಸಿಗುತ್ತೆ, ಸಿಕ್ರೆ ಕೈಯಲ್ಲಿ ಹಿಡಿದು ನೋಡಿ.

ಮೊಳೆ ಅಂತ ಹೇಳಿದ್ನಲ್ಲ, ಅದೂ ಇಲ್ಲೇ ಬರುತ್ತೆ. 1915ರಲ್ಲಿ ಊರೂರಲ್ಲಿ ಮರದ ದೊಡ್ಡ ಬೊಂಬೆ ನಿಲ್ಲಿಸಿ, ದುಡ್ಡು ಕೊಟ್ಟವರು ಅದಕ್ಕೊಂದು ಮೊಳೆ ಹೊಡೀಬಹುದು ಅಂತ ಮಾಡಿದ್ರು. ವಿಯೆನ್ನಾದಲ್ಲಿ ಶುರುವಾಗಿದ್ದು ಜರ್ಮನಿಗೆಲ್ಲ ಹಬ್ತು. ಬರ್ಲಿನ್ನಿನಲ್ಲಿ ಸೆಪ್ಟೆಂಬರ್ 4ಕ್ಕೆ ಸೇನಾಪತಿ ಹಿಂಡೆನ್‌ಬುರ್ಗ್‌ನ ಸುಮಾರು 12 ಮೀಟರ್ ಎತ್ತರದ ಬೊಂಬೆ ಎದ್ದು ನಿಂತಿತು, ಕಬ್ಬಿಣದ ಮೊಳೆಗೆ 1 ಮಾರ್ಕ್, ಚಿನ್ನದ ಲೇಪದ್ದಕ್ಕೆ 100. ದುಡ್ಡು ಸತ್ತ ಸೈನಿಕರ ಹೆಂಡತಿ ಮಕ್ಕಳಿಗೆ ಅಂತ. ಬಾವುಟಕ್ಕೆ ಚಕ್ರವರ್ತಿ ಹೊಡೀತಿದ್ದ ಮೊಳೆ ಈಗ ಒಂದು ಮಾರ್ಕಿಗೆ ಎಲ್ಲರ ಕೈಗೂ ಬಂದಿತ್ತು, ಮರದ ವೀರನಿಗೆ ಊರವರೆಲ್ಲ ಸೇರಿ ಕಬ್ಬಿಣದ ಕವಚ ತೊಡಿಸೋದು ಅನ್ನೋ ಭಾವನೆ. ತೋಪಿನ ಊರು ಎಸ್ಸೆನ್‌ನಲ್ಲೂ ಪಕ್ಕದ ಹಾಗೆನ್‌ನಲ್ಲೂ ಬೊಂಬೆಯಾಗಿ ನಿಂತಿದ್ದು ಸೈನಿಕ ಅಲ್ಲ, ಕಮ್ಮಾರ! ನಿಮ್ಮ ಕಲೋನ್‌ನಲ್ಲಿ ರೈತ, ಕೋಲ್ಷೆ ಬೋರ್ ಅಂತ ಅವರ ಆಡುಮಾತಲ್ಲೇ ಹೆಸರು, 1915ರ ಜೂನ್‌ನಲ್ಲಿ ನಿಲ್ಲಿಸಿದ್ದು. ಆ ಬೊಂಬೆ ಉಳಿದಿದೆ, ಊರಿನ ಸಿಟಿ ಮ್ಯೂಸಿಯಂನವರ ಹತ್ರ ಇದೆ, ಖಂಡಿತ ವಿಚಾರಿಸಿ. ಬರ್ಲಿನ್ನಿನ ಹಿಂಡೆನ್‌ಬುರ್ಗ್‌ನ ಯುದ್ಧ ಸೋತ ಮೇಲೆ ಬಿಚ್ಚಿ ಸೌದೆ ಮಾಡಿದ್ರು.

ಟೋಪಿ ಕಥೆನೂ ಇದೇ ದಾರಿ. ಆ ಮೊನೆ ಟೋಪಿ, ಪಿಕೆಲ್‌ಹೌಬೆ, 1842ರಿಂದ ಪ್ರಷ್ಯಾ ಸೇನೆಯ ಗುರುತು, ಬೇಯಿಸಿ ಗಟ್ಟಿ ಮಾಡಿದ ಚರ್ಮ, ಮುಂದೆ ಹಿತ್ತಾಳೆ ಹದ್ದು. ಮೆರವಣಿಗೆಗೆ ಅಂತ ಚೆನ್ನಾಗಿತ್ತು. ಚರ್ಮ ಸಿಗದೇ ಹೋದಾಗ ಉಣ್ಣೆಯ ಫೆಲ್ಟ್‌ನಲ್ಲಿ ಮಾಡಿದ್ರು, ತಗಡಲ್ಲಿ ಮಾಡಿದ್ರು, ಹಿತ್ತಾಳೆ ಹೋಗಿ ಬೂದು ಬಣ್ಣದ ಕಬ್ಬಿಣದ ಹದ್ದು ಬಂತು, 1915ರಲ್ಲಿ ಮೊನೆ ಬಿಚ್ಚಿಡೋ ಹಾಗೆ ಮಾಡಿದ್ರು, ಕಂದಕದಿಂದ ಇಣುಕಿದ್ರೆ ಶತ್ರುವಿಗೆ ಮೊದಲು ಕಾಣೋದೇ ಆ ಮೊನೆ. ಚೂರು ತಗಲಿ ತಲೆ ಒಡೆದು ಬರೋರನ್ನ ನೋಡಿ ನೋಡಿ ಸಾಕಾಗಿ, ಆಗಸ್ಟ್ ಬೀಯರ್ ಅನ್ನೋ ಸರ್ಜನ್, ಹ್ಯಾನೋವರ್ ತಾಂತ್ರಿಕ ಕಾಲೇಜಿನ ಫ್ರೆಡ್ರಿಕ್ ಶ್ವೆರ್ಡ್ ಸೇರಿ ಉಕ್ಕಿನ ಹೆಲ್ಮೆಟ್ ರೂಪಿಸಿದ್ರು, ಥಾಲೆ ಊರಿನ ಕಾರ್ಖಾನೆ ಅದನ್ನ ಒತ್ತಿ ಕೊಡ್ತು, 1916ರಲ್ಲಿ ವರ್ಡುನ್‌ಗೆ ಬಂತು. ಅದಕ್ಕೆ ಹದ್ದೂ ಇಲ್ಲ, ಹೊಳಪೂ ಇಲ್ಲ. ನನ್ನ ಮಟ್ಟಿಗೆ ಆ ನಾಲ್ಕು ವರ್ಷದಲ್ಲಿ ಆ ಕಾರ್ಖಾನೆಗಳಿಂದ ಬಂದ ಅತ್ಯಂತ ಮನುಷ್ಯತ್ವದ ವಸ್ತು ಅದು, ಕೊಲ್ಲೋಕಲ್ಲ, ತಲೆ ಉಳಿಸೋಕೆ ಮಾಡಿದ್ದು.

ಕಾರ್ಖಾನೆಯೊಳಗೆ ಏನಾಗ್ತಿತ್ತು ಅನ್ನೋದನ್ನ ಸ್ವಲ್ಪದರಲ್ಲೇ ಹೇಳ್ತೀನಿ. 1916ರ ಆಗಸ್ಟ್ ಕೊನೆಗೆ ಹಿಂಡೆನ್‌ಬುರ್ಗ್ ಹೆಸರಲ್ಲಿ ಒಂದು ಯೋಜನೆ ಬಂತು, ಮುಂದಿನ ವಸಂತದೊಳಗೆ ಮದ್ದುಗುಂಡು ಎರಡು ಪಟ್ಟು, ಮೆಷಿನ್ ಗನ್ನು ತೋಪು ಮೂರು ಪಟ್ಟು ಆಗ್ಬೇಕು ಅಂತ. ಡಿಸೆಂಬರ್ 5ಕ್ಕೆ 17ರಿಂದ 60 ವಯಸ್ಸಿನ ಗಂಡಸರೆಲ್ಲ ಯುದ್ಧದ ಕೆಲಸ ಮಾಡ್ಲೇಬೇಕು ಅಂತ ಕಾನೂನು. ಕ್ರುಪ್‌ನಲ್ಲಿ ಸಾವಿರಗಟ್ಟಲೆ ಹೆಂಗಸರು ಲೇತ್ ಮುಂದೆ ನಿಂತ್ರು. ಅದೇ ಚಳಿಗಾಲ ಆಲೂಗಡ್ಡೆ ಬೆಳೆ ಕೈಕೊಟ್ಟು ಜನ ದನಕ್ಕೆ ಹಾಕೋ ಗೆಡ್ಡೆ ತಿಂದು ಬದುಕಿದ್ರು. 1918ರ ಜನವರಿ ಕೊನೆಗೆ ಬರ್ಲಿನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಜನ ಕೆಲಸ ನಿಲ್ಲಿಸಿ ಬೀದಿಗೆ ಬಂದ್ರು. ಸೆಪ್ಟೆಂಬರ್ 10ಕ್ಕೆ ಚಕ್ರವರ್ತಿ ಎಸ್ಸೆನ್ನಿಗೆ ಬಂದು ಕ್ರುಪ್ ಕಾರ್ಮಿಕರ ಮುಂದೆ ಭಾಷಣ ಮಾಡಿದ, ನೀನು ಸುತ್ತಿಗೆ ಹತ್ರ, ನೀನು ಲೇತ್ ಹತ್ರ, ನಾನು ಸಿಂಹಾಸನದ ಮೇಲೆ, ಎಲ್ಲರಿಗೂ ಅವರವರ ಕರ್ತವ್ಯ ಇದೆ ಅನ್ನೋ ಅರ್ಥದಲ್ಲಿ. ಹಸಿದ ಜನ ಅವರು. ಎರಡು ತಿಂಗಳಿಗೆ, ನವೆಂಬರ್ 10ಕ್ಕೆ, ಅವನು ಪಟ್ಟ ಕಳ್ಕೊಂಡು ಹಾಲೆಂಡಿಗೆ ಹೋದ. ಅವನ ತಾತನ ಹೆಸರು ಹೊತ್ತ ಗಂಟೆ ಒಡೆದು ಇಳಿಸಿದ್ದೂ ಅದೇ ವರ್ಷ.

ಇನ್ನು ಉಕ್ಕಿನ ಗಂಟೆ. ಬೋಹುಮ್‌ನಲ್ಲಿ ಬೋಹುಮರ್ ಫೆರಾಯ್ನ್ ಅನ್ನೋ ಉಕ್ಕಿನ ಕಂಪನಿ ಇತ್ತು, ಯಾಕೋಬ್ ಮಾಯರ್ ಅನ್ನೋ ಮೇಧಾವಿ ಅಲ್ಲಿ ಉಕ್ಕನ್ನ ನೇರ ಅಚ್ಚಿಗೆ ಹೊಯ್ಯೋ ವಿದ್ಯೆ ಕಂಡುಹಿಡಿದ, 1855ರ ಪ್ಯಾರಿಸ್ ಪ್ರದರ್ಶನಕ್ಕೇ ಉಕ್ಕಿನ ಗಂಟೆ ತಗೊಂಡು ಹೋಗಿದ್ರು. 1867ರ ಪ್ಯಾರಿಸ್ ಪ್ರದರ್ಶನಕ್ಕೆ ಹೊಯ್ದ 15 ಟನ್ನಿನ ಗಂಟೆ ಈಗ ಬೋಹುಮ್ ಪುರಸಭೆ ಮುಂದೆ ನೆಲದ ಮೇಲೆ ಇದೆ, ಆರು ವರ್ಷ ನಾನು ಅದರ ಪಕ್ಕಾನೇ ಟ್ರಾಮ್ ಹತ್ತಿದ್ದು. ಅದೇ ಕಂಪನಿ ಯುದ್ಧಕ್ಕೆ ತೋಪು ಗುಂಡೂ ಮಾಡ್ತು. ಯುದ್ಧ ಮುಗಿದ ಮೇಲೆ ಊರೂರ ಗೋಪುರ ಖಾಲಿ, ಕಂಚಿಗೆ ದುಡ್ಡಿಲ್ಲ. ಉಕ್ಕಿನದ್ದು ಅಗ್ಗ. ಅದಕ್ಕಿಂತ ಮುಖ್ಯ, 1917ರಲ್ಲಿ ವಶ ಮಾಡ್ಕೊಂಡಿದ್ದು ಕಂಚಿನ ಗಂಟೆ ಮಾತ್ರ, ಉಕ್ಕಿನದ್ದನ್ನ ಯಾರೂ ಕೇಳಿರ್ಲಿಲ್ಲ. ಇದನ್ನ ನೋಡಿದ ಎಷ್ಟೋ ಊರಿನವರು ಇನ್ನೊಂದು ಸಲ ಯಾರೂ ಬಂದು ಹೊತ್ಕೊಂಡು ಹೋಗದಿರಲಿ ಅಂತ ಉಕ್ಕಿನದ್ದೇ ತಗೊಂಡ್ರು. ಡೋಮ್‌ನವರು ಮಾತ್ರ 1923ರ ಆ ಕಷ್ಟದ ವರ್ಷದಲ್ಲೇ ಅಪೋಲ್ಡಾ ಊರಿನ ಹೈನ್ರಿಖ್ ಉಲ್ರಿಖ್ ಕೈಲಿ 24 ಟನ್ನಿನ ಕಂಚಿನ ಗಂಟೆ ಹೊಯ್ಸಿದ್ರು. ಅದೇ ನೀವು ದೊಡ್ಡ ಹಬ್ಬಗಳಲ್ಲಿ ಕೇಳೋ ಪೀಟರ್ ಗಂಟೆ, ಕಲೋನಿನವರು ಪ್ರೀತಿಯಿಂದ ದಪ್ಪ ಪಿಟರ್ ಅಂತಾರೆ.

ನಿಮ್ಮ ಮನೆ ಹತ್ರದ ಗಂಟೆ ಉಕ್ಕಿನದ್ದಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಚರ್ಚಿನ ಮೇಲ್ವಿಚಾರಕರನ್ನ ಒಂದು ಸಲ ಮೇಲೆ ಕರ್ಕೊಂಡು ಹೋಗೋಕೆ ಕೇಳಿ, ಭಾನುವಾರ ಬೆಳಗ್ಗೆ ಬಿಟ್ಟು ಬೇರೆ ದಿನ ಹೋದ್ರೆ ಸಾಮಾನ್ಯ ಒಪ್ತಾರೆ. ಉಕ್ಕಿನದ್ದಾದ್ರೆ ಅದೇ ಸ್ವರದ ಕಂಚಿನ ಗಂಟೆಗಿಂತ ದೊಡ್ಡದಾಗಿರುತ್ತೆ, ಹಸಿರು ಕಿಲುಬಿನ ಬದಲು ಕಂದು ತುಕ್ಕು ಇರುತ್ತೆ, ಅಂಚಿನ ಮೇಲೆ ಕಂಪನಿ ಹೆಸರು ವರ್ಷ ಉಬ್ಬು ಅಕ್ಷರದಲ್ಲಿ ಇದ್ರೂ ಇರಬಹುದು. ಹಾಗೇ ಕೆಳಗೆ ಬಂದು ಆರ್ಗನ್ನಿನ ಮುಂದಿನ ಸಾಲಿನ ಕೊಳವೆಗಳನ್ನೂ ನೋಡಿ. ಆರ್ಗನ್ನು 1917ಕ್ಕಿಂತ ಹಳೇದಾಗಿದ್ದು, ಮುಂದಿನ ಸಾಲು ಮಾತ್ರ ಸತುವಿನದ್ದಾಗಿದ್ರೆ, ಅದರ ತವರ ಎಲ್ಲಿಗೆ ಹೋಯ್ತು ಅಂತ ಈಗ ನಿಮಗೆ ಗೊತ್ತು. ಮತ್ತೆ ಆ ಅಜ್ಜಿ ಹತ್ರ ಕೂತು ಅವರ ಅಮ್ಮ ಅಜ್ಜಿ ಗಂಟೆ ಬಗ್ಗೆ ಏನು ಹೇಳ್ತಿದ್ರು ಅಂತ ಕೇಳಿ, ಕೇಳಿದ್ದನ್ನ ನನಗೂ ಬರೀರಿ.